ಹುಟ್ಟುತ್ತಲೇ ಪಡೆದು ಬಂದ ಬೆರಳುಗಳು

ನಮ್ಮ ನಗರದ ವಿಡಿಯೊ ಗೇಮ್ ಆಟಗಾರರ ಸಂಘದ ಪ್ರತಿಭಾಶೋಧ ಸಮಿತಿಯ ಅಧ್ಯಕ್ಷರೂ, ಹೆಬ್ಬೆರಳನ್ನು ಕಂಡ ಮಾತ್ರಕ್ಕೆ ಅದರ ಭವಿಷ್ಯ ನುಡಿಯಬಲ್ಲವರೂ ಆದ ಮಹನೀಯರ ಸಮ್ಮುಖಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಹುಟ್ಟಿನಿಂದಲೇ ಕ್ಷೇಮವಾಗಿರುವವರು ಅದಕ್ಕಾಗಿ ಪ್ರಯತ್ನಪಡಬೇಕಾಗಿಲ್ಲವೆಂಬುದು ತಮ್ಮದೇ ಸಿದ್ಧಾಂತವಾದ್ದರಿಂದ ನಂಬಲು ಕಷ್ಟವೇನೂ ಆಗಲಿಲ್ಲ. ನಾನು ನಿವೃತ್ತ ಟೈಪಿಂಗ್ ಶಿಕ್ಷಕಿ, ಕಳೆದ ಭಾನುವಾರ ತಮ್ಮ ಸಂಘದ ಕಾರ್ ರೇಸ್ ಪಂದ್ಯದಲ್ಲಿ ಗೆದ್ದವಳ ಅತ್ತೆ. ಸೊಸೆಯ ಪರವಾಗಿ ಅತ್ತೆಯೊಬ್ಬಳು ಬಹಿರಂಗ ಪತ್ರ ಬರೆಯುವುದು ಲೋಕರೂಢಿಯಲ್ಲವೆಂದು ಬಲ್ಲೆ. ಸೊಸೆಯ ವಿರುದ್ಧ ಬರೆಯಲು ನನ್ನಲ್ಲಿ ಸಾಮಗ್ರಿ ಇಲ್ಲವೆಂದಲ್ಲ, ಆದರೆ ಅದು ಮನೆಯ ಮಾತು; ತಮ್ಮದು ಊರಿನ ಮಾತು.

ಅಂದು ಪಂದ್ಯ ಮುಗಿದು ಸಭಾಂಗಣದಲ್ಲಿ ಚಪ್ಪಾಳೆ ಇನ್ನೂ ನಿಂತಿರದಾಗ ತಾವು ವೇದಿಕೆ ಏರಿ, ಮೈಕನ್ನು ಕೈಗೆ ತೆಗೆದುಕೊಂಡು, ನನ್ನ ಸೊಸೆಯ ಬಲಗೈಯನ್ನು ಮೇಲೆತ್ತಿ ಹಿಡಿದು, "ಮೊದಲ ದಿನಾನೇ ಗುರುತಿಸಿದ್ದೆ ನಾನು. ಈ ಬೆರಳು ನೋಡಿ. ಇದು ಕಲಿತು ಬಂದದ್ದಲ್ಲ, ಹುಟ್ಟುತ್ತಲೇ ಪಡೆದು ಬಂದದ್ದು" ಎಂದು ಅಪ್ಪಣೆ ಕೊಡಿಸಿದಿರಿ. ಗಾಳಿ ಬಂದಾಗ ತೂರಿಕೊಳ್ಳುವ ಕಲೆಯಲ್ಲಿ ತಮಗಿರುವ ಪ್ರತಿಭೆ ಜನ್ಮಜಾತವೋ ಅಭ್ಯಾಸದಿಂದ ಬಂದದ್ದೋ ಎಂಬುದನ್ನು ನಾನು ಅರಿಯೆ. ಎರಡೂ ಸಮಪಾಲಿನಲ್ಲಿ ಇರಬಹುದು.

ತಾವು ಹಾಗೆ ಎತ್ತಿ ತೋರಿಸಿದ ಆ ಕೈಯ ಪರಿಚಯವನ್ನು ಈಗಲಾದರೂ ಮಾಡಿಕೊಡುವುದು ನನ್ನ ಕರ್ತವ್ಯ. ನನ್ನ ಸೊಸೆ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಕತ್ತರಿಸುವ ಯಂತ್ರ ಒಂದು ಮಧ್ಯಾಹ್ನ ರಟ್ಟಿನ ಜೊತೆಗೆ ಆಕೆಯ ತೋರುಬೆರಳನ್ನೂ ನಡುಬೆರಳನ್ನೂ ತೆಗೆದುಕೊಂಡಿತು. ಆಸ್ಪತ್ರೆಯ ಡಾಕ್ಟರು ಅವನ್ನು ಮತ್ತೆ ಕೂಡಿಸಿ ಹೊಲಿದರು. ಬೆರಳುಗಳು ಉಳಿದವು, ಆದರೆ ಒಣಗಿದ ಕಡ್ಡಿಗಳಂತೆ ಬಗ್ಗದೆ ನಿಂತವು. ಆಕೆಯ ತಲೆಯನ್ನು ನಾನೇ ಬಾಚುತ್ತಿದ್ದೆ, ಕುಪ್ಪಸದ ಗುಂಡಿಯನ್ನು ನಾನೇ ಹಾಕುತ್ತಿದ್ದೆ. ಒಂದು ದಿನ ಕನ್ನಡಿಯೊಳಗಿಂದಲೇ ನನ್ನನ್ನು ನೋಡುತ್ತ, "ನನ್ನ ತಲೆ ನಾನೇ ಬಾಚ್ಕೊಂಡ್ರೆ ಸಾಕು ಅತ್ತೆ, ಇನ್ನೇನೂ ಬೇಡ ನಂಗೆ" ಎಂದಳು. ನಾನು ಆಕೆಯ ಜಡೆಯನ್ನು ಹೆಣೆದು ಮುಗಿಸಿದೆ.

ಬೆರಳುಗಳ ವ್ಯಾಯಾಮಕ್ಕೆಂದು ಆಸ್ಪತ್ರೆಯಲ್ಲಿ ಒಂದು ಮೆತ್ತನೆಯ ಚೆಂಡು ಕೊಟ್ಟರು. ಆಕೆ ಅದನ್ನು ಎರಡು ದಿನ ಹಿಚುಕಿ, ಮೂರನೆಯ ದಿನ ಕಿಟಕಿಯಿಂದ ಆಚೆ ಎಸೆದಳು. ಬ್ರೆಡ್ ವ್ಯಾನ್ ಓಡಿಸುವ ನನ್ನ ಮಗ, ಗೆಳೆಯನ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಗೇಮ್ ಪೆಟ್ಟಿಗೆಯನ್ನು ತಂದು ಟಿ.ವಿ.ಗೆ ಜೋಡಿಸಿದ. ಅದರಲ್ಲಿದ್ದ ಕಾರ್ ರೇಸಿನಲ್ಲಿ ಕಾರು ಓಡಬೇಕಾದರೆ ಬಲಗೈಯ ತೋರುಬೆರಳಿನಿಂದ ಗುಂಡಿಯನ್ನು ಒತ್ತಬೇಕು, ತಿರುವು ಬಂದಾಗ ಅದೇ ಬೆರಳನ್ನು ನಯವಾಗಿ ಸಡಿಲಿಸಬೇಕು. ಒತ್ತುವುದು ಹೇಗೋ ಬಂತು, ಸಡಿಲಿಸುವುದು ಬರಲಿಲ್ಲ. ದೀಪಸ್ತಂಭದ ಬಳಿಯ ತಿರುವಿನಲ್ಲಿ ಕಾರು ನೇರವಾಗಿ ಹೋಗಿ ಸಮುದ್ರಕ್ಕೆ ಬೀಳುತ್ತಿತ್ತು. ಮಾನ್ಯರೇ, ಆ ಸಮುದ್ರಕ್ಕೆ ನನ್ನ ಸೊಸೆ ಹಾಕಿದ ಕಾರುಗಳನ್ನು ರಾಶಿ ಹಾಕಿದ್ದರೆ ಅದರ ಮೇಲೆ ನಡೆದುಕೊಂಡು ಆಚೆಯ ದಡ ಸೇರಬಹುದಿತ್ತು. ಬೆರಳು ನೋಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಒರೆಸಿಕೊಂಡು, "ಇವತ್ತು ನೀರಿಗೆ ಬೀಳೋದು ಸ್ವಲ್ಪ ಲೇಟಾಯ್ತು ಅಲ್ವಾ ಅತ್ತೆ" ಎಂದು ನಗುತ್ತಿದ್ದಳು. ಎರಡನೆಯ ಕಂಟ್ರೋಲರ್ ನನ್ನ ಕೈಯಲ್ಲಿ ಇರುತ್ತಿತ್ತು. ನನ್ನನ್ನು ಸೋಲಿಸುವುದು ಆಕೆಗೆ ಯಾವ ವೈದ್ಯರೂ ಬರೆದುಕೊಡದ ಔಷಧಿ. ನಾನು ಅದನ್ನು ಹೊತ್ತು ಹೊತ್ತಿಗೆ ತಪ್ಪದೆ ಕೊಟ್ಟೆ.

ಎರಡು ಚಳಿಗಾಲ ಹೀಗೆ ಕಳೆದವು. ತಲೆ ಬಾಚಿಕೊಳ್ಳುವುದು ಬಂತು, ಗುಂಡಿ ಹಾಕಿಕೊಳ್ಳುವುದು ಬಂತು, ಕೊನೆಗೆ ದೀಪಸ್ತಂಭದ ತಿರುವೂ ಬಂತು. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆಯನ್ನು ನನ್ನ ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಹೇಳಿದ್ದರೂ, ಅದು ನಿಜವೆಂದು ನನಗೇ ಮನದಟ್ಟಾದದ್ದು ನಮ್ಮ ಸೋಫಾದ ಮೇಲೆ.

ಆ ಮೇಲೆ ನಾವು ತಮ್ಮ ದರ್ಶನಕ್ಕೆ ಬಂದೆವು. ತಂಡಕ್ಕೆ ಆಟಗಾರರನ್ನು ಆರಿಸುತ್ತೀರೆಂದು ಕೇಳಿ, ಆಕೆಗಿಂತ ನಾನೇ ಹೆಚ್ಚು ಉತ್ಸಾಹದಿಂದ ಹೊರಟೆ. ಆದರೆ ತಾವು ಆಕೆಯ ಆಟವನ್ನು ನೋಡುವ ಕ್ಷುದ್ರ ಕೆಲಸಕ್ಕೆ ಇಳಿಯಲಿಲ್ಲ. ಕೆಂಪು ದೀಪ ಹಸಿರಾದ ಕೂಡಲೇ ಗುಂಡಿ ಒತ್ತಬೇಕಾದ ಒಂದು ಪೆಟ್ಟಿಗೆಯ ಮುಂದೆ ಕೂರಿಸಿ, ಹೊಲಿದ ಬೆರಳು ಕೊಂಚ ತಡಮಾಡಿದ್ದನ್ನು ಕಂಡು, ಅದು ಯಾಕೆ ತಡವಾಯಿತೆಂದು ಕೇಳದೆ, ಬಹಳ ಮೃದುವಾಗಿ ಹೀಗೆಂದಿರಿ: "ಅಭ್ಯಾಸದಿಂದ ಬಂದೋರು ಒಂದು ಮಟ್ಟಕ್ಕೆ ನಿಂತುಬಿಡ್ತಾರಮ್ಮ. ಇದು ರಕ್ತದಲ್ಲಿ ಬರಬೇಕು." ರಕ್ತದ ವಿಷಯದಲ್ಲಿ ಆಕೆ ಕಾರ್ಖಾನೆಯ ನೆಲದ ಮೇಲೆ ತನ್ನ ಪಾಲನ್ನು ಸಲ್ಲಿಸಿ ಬಂದಿದ್ದಾಳೆಂದು ಹೇಳಬೇಕೆನ್ನಿಸಿತು, ಸೊಸೆ ನನ್ನ ಸೆರಗು ಜಗ್ಗಿದ್ದರಿಂದ ಸುಮ್ಮನಾದೆ.

ಆ ರಕ್ತ ಯಾರಲ್ಲಿದೆಯೆಂಬುದು ಅದೇ ಗಳಿಗೆ ತಿಳಿಯಿತು. ತಮ್ಮ ಅಕ್ಕನ ಮಗನನ್ನು, ತಾವೇ 'ಮಿಂಚು' ಎಂದು ಹೆಸರಿಟ್ಟ ಆ ಯುವಕನನ್ನು, ಕರೆದು ಅದೇ ಪೆಟ್ಟಿಗೆಯ ಮುಂದೆ ಕೂರಿಸಿದಿರಿ. ಆತ ಕಣ್ಣು ಮಿಟುಕಿಸುವುದರೊಳಗೆ ಒತ್ತಿದ. ಅದು ನಿಜ, ಸುಳ್ಳು ಹೇಳಲಾರೆ. ದಿನಕ್ಕೆಷ್ಟು ಹೊತ್ತು ಆಡುತ್ತಾನೆಂದು ನಾನು ಕುತೂಹಲಕ್ಕೆ ಕೇಳಿದಾಗ ತಾವು ನಕ್ಕು, "ಮಿಂಚು ಎಲ್ಲಾದ್ರೂ ಅಭ್ಯಾಸ ಮಾಡುತ್ತಾ ತಾಯಿ?" ಎಂದಿರಿ. ಎಂಥ ಮಾತು. ಮಿಂಚು ಒಂದು ಕಡೆ ಬಿದ್ದ ಮೇಲೆ ಅಲ್ಲಿಂದ ಎದ್ದು ಮುಂದೆ ಹೋದದ್ದನ್ನೂ ಯಾರೂ ಕಂಡಿಲ್ಲ ಎಂಬುದು ನನಗೆ ಭಾನುವಾರವೇ ನೆನಪಾದದ್ದು.

ಭಾನುವಾರದ್ದು ಯಾರು ಬೇಕಾದರೂ ಸೇರಬಹುದಾದ ಪಂದ್ಯವಾದ್ದರಿಂದ ತಮ್ಮ ಪೆಟ್ಟಿಗೆಯ ಅನುಮತಿ ಬೇಕಿರಲಿಲ್ಲ. ಕೊನೆಯ ಸುತ್ತಿಗೆ ಉಳಿದವರು ಮಿಂಚು ಮತ್ತು ನನ್ನ ಸೊಸೆ. ನೇರ ರಸ್ತೆಯಲ್ಲಿ ಆತ ಹೋದ ರಭಸಕ್ಕೆ ಜನ ಕುರ್ಚಿಯಿಂದ ಎದ್ದರು. ಅಷ್ಟರಲ್ಲಿ ಪರದೆಯ ಮೇಲೆ ಮಳೆ ಹನಿಯಿತು, ರಸ್ತೆ ಜಾರತೊಡಗಿತು, ತಿರುವು ಬಂತು. ನನ್ನ ಸೊಸೆಯ ತೋರುಬೆರಳು ಸಡಿಲವಾದದ್ದನ್ನು ನಾನು ಮೂರನೆಯ ಸಾಲಿನಿಂದ ನೋಡಿದೆ. ಮಿಂಚಿನ ಬೆರಳು ಸಡಿಲವಾಗಲಿಲ್ಲ. ಸಡಿಲಿಸಬೇಕೆಂದು ಆತನಿಗೆ ಯಾರೂ ಹೇಳಿರಲೇ ಇಲ್ಲ. ಕಾರು ತಡೆಗೋಡೆಗೆ ಬಡಿದು ಮೂರು ಪಲ್ಟಿ ಹೊಡೆಯಿತು. ಆತ ಕುರ್ಚಿ ಸರಿಯಿಲ್ಲ, ಬೆಳಕು ಸರಿಯಿಲ್ಲ, ಕಂಟ್ರೋಲರ್ ಜಿಗುಟು ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಆಕೆಗೆ ಹುಟ್ಟಾ ನರ್ತಕಿಯೆಂಬ ಬಿರುದನ್ನು ಯಾರೂ ಮೊದಲೇ ಕಟ್ಟಿರಲಿಲ್ಲವಾದ್ದರಿಂದ ಈ ಹುಡುಗನ ಕಷ್ಟ ಇನ್ನೂ ದೊಡ್ಡದು.

ಆಗಲೇ ತಾವು ಮೈಕ್ ಹಿಡಿದದ್ದು. ಮನೆಗೆ ಬಂದ ಮೇಲೆ ಸೊಸೆ ಗೆದ್ದ ಕಪ್ಪನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ತನ್ನ ಕೈಯನ್ನೇ ನೋಡುತ್ತ, "ಹುಟ್ಟುತ್ತಲೇ ಬಂದಿತ್ತಂತೆ. ಹಾಗಾದ್ರೆ ಇಷ್ಟು ದಿನ ನಾವಿಬ್ರೂ ಏನು ಮಾಡ್ತಿದ್ವಿ ಅತ್ತೆ?" ಎಂದು ಕೇಳಿದಳು. ಯಂತ್ರ ಬೆರಳನ್ನು ತೆಗೆದುಕೊಂಡಿತ್ತು, ಡಾಕ್ಟರು ಹಿಂದಿರುಗಿಸಿದರು. ತಾವು ತೆಗೆದುಕೊಂಡದ್ದನ್ನು ಹೊಲಿದು ಕೊಡುವ ಡಾಕ್ಟರು ಎಲ್ಲಿದ್ದಾರೆ?

ಆದ್ದರಿಂದ ಕೆಲವು ವಿನಂತಿಗಳು. ಆಕೆಯ ಬೆರಳುಗಳು ಜನ್ಮಜಾತವಾಗಿಯೇ ಚುರುಕಾಗಿದ್ದುವೆಂದ ಮೇಲೆ ಆ ಎರಡು ಚಳಿಗಾಲಗಳು ದಂಡವಾದವು. ದಯಮಾಡಿ ಅವನ್ನು ಹಿಂದಿರುಗಿಸುವುದು, ಬಿಸಿಲಿನ ದಿನಗಳಾಗಿ ಕೊಟ್ಟರೂ ಆಕ್ಷೇಪವಿಲ್ಲ. ಇನ್ನು ಮುಂದೆ ಹೆರಿಗೆ ಆಸ್ಪತ್ರೆಯ ಬಾಗಿಲಲ್ಲೇ ತಮ್ಮ ದೀಪದ ಪೆಟ್ಟಿಗೆಯೊಂದನ್ನು ಇಟ್ಟು, ಅಳುವ ಮೊದಲೇ ಗುಂಡಿ ಒತ್ತಿದ ಕೂಸುಗಳಿಗೆ ಅಲ್ಲೇ ಕಪ್ ಹಂಚಿಬಿಟ್ಟರೆ ಪಂದ್ಯ ನಡೆಸುವ ಶ್ರಮ ಸಂಘಕ್ಕೂ ಆಡುವ ಶ್ರಮ ಊರಿಗೂ ತಪ್ಪುತ್ತದೆ. ನಾನು ಟೈಪಿಂಗ್ ಕಲಿಸಿದ ಸಾವಿರಾರು ಮಂದಿಯಲ್ಲಿ ಅಕ್ಷರಗಳ ಜಾಗವನ್ನು ತಾಯಿಯ ಹೊಟ್ಟೆಯಲ್ಲೇ ಕಲಿತು ಬಂದವರು ಒಬ್ಬರೂ ಸಿಗಲಿಲ್ಲ. ಆ ಬ್ಯಾಚು ನೇರವಾಗಿ ತಮ್ಮ ಸಮಿತಿಗೆ ಹೋಗಿರಬೇಕು, ವಿಚಾರಿಸಿ ತಿಳಿಸುವುದು.

ಒಂದು ಸಂಗತಿಯನ್ನು ತಮ್ಮಿಂದ ಮುಚ್ಚಿಡಬೇಕೆಂದು ಒಬ್ಬರು ಕೇಳಿಕೊಂಡಿದ್ದಾರೆ, ಆದರೂ ಹೇಳುತ್ತೇನೆ. ಬುಧವಾರ ಸಂಜೆ ನಮ್ಮ ಬಾಗಿಲಲ್ಲಿ ಮಿಂಚು ನಿಂತಿದ್ದ. "ಆ ತಿರುವು ನಂಗೆ ಬರಲ್ಲ ಅಕ್ಕ. ಮಾಮನಿಗೆ ಹೇಳ್ಬೇಡಿ, ಅಭ್ಯಾಸ ಮಾಡಿದ್ರೆ ಹಾಳಾಗ್ತೀನಿ ಅಂತಾರೆ" ಎಂದ. ಸೊಸೆ ನನ್ನ ಕೈಯಿಂದ ಕಂಟ್ರೋಲರ್ ತೆಗೆದು ಆತನಿಗೆ ಕೊಟ್ಟಳು. ಆತ ಅಂದು ಸಂಜೆಯೆಲ್ಲ ಸಮುದ್ರಕ್ಕೆ ಬಿದ್ದ, ಹೊರಡುವಾಗ ನಗುತ್ತಿದ್ದ. ಕಲಿಯುತ್ತಾನೆ. ತಾವು ಕೆಲವು ತಿಂಗಳು ಅವನನ್ನು ಹೊಗಳದೆ ಇದ್ದರೆ ಬೇಗನೇ ಕಲಿಯುತ್ತಾನೆ.

ತಮ್ಮ ಮೇಲೆ ವಿಶ್ವಾಸವಿಡುವುದನ್ನು ಇನ್ನೂ ಅಭ್ಯಾಸ ಮಾಡುತ್ತಿರುವ,
ತಮ್ಮ ವಿಶ್ವಾಸಿ,
ಗೆದ್ದವಳ ಅತ್ತೆ

ತಾ.ಕ.: ಈ ಪತ್ರವನ್ನು ಪತ್ರಿಕೆಯ ಕಚೇರಿಗೆ ಕೊಡಲು ಸೊಸೆಯೊಂದಿಗೆ ಹೊರಟಾಗ ಬಸ್ ನಿಲ್ದಾಣದ ಗೋಡೆಯ ಮೇಲೆ ತಮ್ಮ ಸಂಘದ ಹೊಸ ಪೋಸ್ಟರ್ ಕಂಡಿತು. ಆಕೆಯ ಕೈಯನ್ನು ಬಾಗಿಲಿನಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ, ಹೊಲಿಗೆಯ ಗುರುತುಗಳನ್ನು ಒಂದೂ ಉಳಿಯದಂತೆ ಅಳಿಸಿ, ಡೊಂಕಾಗಿದ್ದ ತೋರುಬೆರಳನ್ನು ಕಂಪ್ಯೂಟರಿನಲ್ಲೇ ನೆಟ್ಟಗೆ ಮಾಡಿಸಿದ್ದೀರಿ. ನಮ್ಮ ಡಾಕ್ಟರಿಗೂ ಸಾಧ್ಯವಾಗದ ಕೆಲಸ, ಅಭಿನಂದನೆಗಳು. ಸೊಸೆ ಅದರ ಮುಂದೆ ನಿಂತು, "ಯಾರ ಕೈ ಅತ್ತೆ ಇದು?" ಎಂದು ಕೇಳಿದಳು. ತಂಡಕ್ಕೆ ಸೇರಬೇಕೆಂದು ತಾವು ಹೇಳಿಕಳುಹಿಸಿದ್ದಕ್ಕೆ ಆಕೆಯ ಉತ್ತರ ಇಷ್ಟೇ: ಮುಂದಿನ ಪಂದ್ಯಕ್ಕೆ ಆ ಪೋಸ್ಟರಿನ ಕೈಯನ್ನೇ ಕರೆದುಕೊಂಡು ಹೋಗಿ ಆಡಿಸತಕ್ಕದ್ದು.