ಮೇಷ್ಟ್ರ ತಲೆಗೆ ಬಿದ್ದ ಕಲ್ಲು

ಕಲ್ಲು ಬಿದ್ದದ್ದು ಒಬ್ಬರ ತಲೆಗೆ, ನೋವಾದದ್ದು ಮಾತ್ರ ಬೀದಿಗೆಲ್ಲ. ಯಾಕೆಂದರೆ ಆ ತಲೆ ನಿವೃತ್ತ ಹೆಡ್‌ಮಾಸ್ಟರ್ ಚನ್ನರಾಯಪ್ಪನವರದು. ಮುಳಬಾಗಿಲಿನ ಆ ಬೀದಿಯಲ್ಲಿ ಅವರಿಂದ ಕಿವಿ ಹಿಂಡಿಸಿಕೊಳ್ಳದೆ ದೊಡ್ಡವರಾದವರೇ ಇಲ್ಲ. ಬೆಳಗಿನ ಜಾವ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುವಾಗ ಅರ್ಬಾಜ್ ಹಿಂದಿನಿಂದ ಕಲ್ಲು ಬೀರಿ ಓಡಿಹೋದ ಎಂದು ಅವರು ಹೊಲಿಗೆ ಹಾಕಿಸಿಕೊಂಡ ತಲೆ ತೋರಿಸಿ ಹೇಳಿದರು. ಸಂಜೆ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡುವುದು ಖಂಡಿತ ಎಂದೂ ಹೇಳಿದರು.

ಅರ್ಬಾಜ್ ಹಾಸಿಗೆ ಹೊಲಿಯುವ ರಹಮತ್ತುಲ್ಲಾನ ಮಗ. ಹದಿನೇಳರ ಹುಡುಗ, ಐ.ಟಿ.ಐ. ಮುಗಿಸಿದ್ದಾನೆ. ಹದಿನೆಂಟು ತುಂಬಿದ ಕೂಡಲೇ ಸೇರಿಕೋ ಎಂದು ನರಸಾಪುರದ ಕಂಪನಿಯೊಂದು ಹೇಳಿದೆ. ಆದರೆ ಹುಡುಗನ ಮೇಲೆ ಕೇಸು ಗೀಸು ಇರಬಾರದು. "ಹೊಡೆದೆಯೇನೋ?" ಎಂದು ಊರೆಲ್ಲ ಕೇಳಿದರೂ ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತಲೆ ತಗ್ಗಿಸಿ ನಿಂತುಬಿಟ್ಟ.

ಅವನ ತಾಯಿ ಫರೀದಾ ಅಳುತ್ತಾ ಕದಿರೇಶನ ಮನೆಗೆ ಬಂದಳು. ಕದಿರೇಶ ಊರಿಗೆಲ್ಲ ಒಬ್ಬನೇ ಖಾಸಗಿ ಪತ್ತೇದಾರ. ಬಾಗಿಲಲ್ಲಿ 'ಗರುಡ ಪತ್ತೇದಾರಿ ಸಂಸ್ಥೆ' ಎಂಬ ಬೋರ್ಡೇನೋ ಇದೆ, ಆದರೆ ಅವನು ಇದುವರೆಗೆ ಪತ್ತೆ ಮಾಡಿದ್ದೆಲ್ಲ ಮದುವೆ ಗಂಡುಗಳನ್ನೇ. ಕುಡಿಯುತ್ತಾನಾ, ಹೇಳಿದ ನೌಕರಿ ನಿಜವಾಗಿಯೂ ಇದೆಯಾ, ತಲೆಯ ಮೇಲಿರುವುದು ಸ್ವಂತ ಕೂದಲಾ, ಇಷ್ಟೇ ಅವನ ವಿದ್ಯೆ. ರಕ್ತ ಎಂದರೆ ಅವನಿಗೆ ತಲೆ ಸುತ್ತುತ್ತದೆ.

"ಅದು ಪೊಲೀಸ್ನೋರ ಕೆಲಸ ಫರೀದಕ್ಕ" ಎಂದು ಅವನು ಜಾರಿಕೊಳ್ಳುವಷ್ಟರಲ್ಲಿ ಅಡಿಗೆಮನೆಯಿಂದ ಅವನ ತಾಯಿ ವೆಂಕಟರತ್ನಮ್ಮ ಸೌಟು ಹಿಡಿದೇ ಬಂದರು.

"ಹಂಗಾದ್ರೆ ಆ ಬೋರ್ಡಲ್ಲಿ ಗರುಡ ತೆಗ್ದು ಕೋಳಿ ಅಂತ ಬರ್ಸು. ಫರೀದಾ ಆಸ್ಪತ್ರೇಲಿದ್ದಾಗ ಆ ಮಗು ನನ್ನ ಪಕ್ಕದಲ್ಲೇ ಮಲಗ್ತಿತ್ತು ಕಣೋ. ಅದು ಯಾರಿಗೂ ಹೊಡೆಯೋ ಜಾತಕ ಅಲ್ಲ. ಸಂಜೆ ಒಳಗೆ ಹೊಡೆದೋನು ಯಾರು ಅಂತ ಕಂಡುಹಿಡಿ. ಇಲ್ದಿದ್ರೆ ಈ ಮನೇಲಿ ನಿಂಗೆ ಊಟ ಇಲ್ಲ."

ಕದಿರೇಶ ಕಪ್ಪು ಕನ್ನಡಕ ಹಾಕಿಕೊಂಡು ಹೊರಟ. ಮೊದಲು ಸಿಕ್ಕಿದ್ದು ಪೆದ್ದಪ್ಪನ ಟೀ ಅಂಗಡಿ.

"ಮಾಮಾ, ಈ ಅರ್ಬಾಜ್ ಎಂಥ ಹುಡುಗ?"

ಪೆದ್ದಪ್ಪನ ಮುಖ ಅರಳಿತು. ಕದಿರೇಶ ಒಬ್ಬ ಹುಡುಗನ ಬಗ್ಗೆ ಕೇಳಿದ ಎಂದರೆ ಅದು ಮದುವೆ ವಿಚಾರಣೆಯೇ. ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎಂದಿದ್ದಾರೆ ಹಿರಿಯರು. ಆ ಸಾವಿರದಲ್ಲಿ ತನ್ನ ಪಾಲಿನದನ್ನು ಪೆದ್ದಪ್ಪ ಎಂದೂ ಬಾಕಿ ಉಳಿಸಿಕೊಂಡವನಲ್ಲ.

"ಬಂಗಾರು ಕೊಂಡ ಕಣಪ್ಪಾ, ಚಿನ್ನದ ಬೆಟ್ಟ. ತಗ್ಗಿಸಿದ ತಲೆ ಎತ್ತಲ್ಲ, ಎದುರು ಮಾತು ಆಡಲ್ಲ. ವಯಸ್ಸು ಸಾಲ್ದು, ಆದ್ರೂ ಈಗ್ಲೇ ಮಾತಾಡಿಟ್ಕೊಂಡ್ರೆ ತಪ್ಪೇನಿಲ್ಲ. ಹೆಣ್ಣು ಯಾವ ಕಡೇದು, ನಂಗಲೀನಾ?"

"ಮದುವೆ ಅಲ್ಲ ಮಾಮಾ, ಮೇಷ್ಟ್ರ ತಲೆ ಒಡೆದ ವಿಚಾರ."

ಪೆದ್ದಪ್ಪ ಟೀ ಸೋಸುವ ಬಟ್ಟೆ ಕೆಳಗಿಟ್ಟ. "ಮೊದ್ಲೇ ಹೇಳ್ಬಾರ್ದಾ? ಹಂಗಾದ್ರೆ ಅವನೇ ಬಿಡು. ಅವನ ಕಣ್ಣು ನೋಡಿದ್ರೇ ಗೊತ್ತಾಗುತ್ತೆ."

ಆದರೆ ಅಲ್ಲಿ ಟೀ ಕುಡಿಯುತ್ತಿದ್ದವರು ಪೂರ್ತಿ ಮಾತು ಕೇಳಿಸಿಕೊಳ್ಳುವ ಜನವೇ? ಮೊದಲರ್ಧ ಕೇಳಿ ಎದ್ದುಹೋಗಿದ್ದರು. ಕದಿರೇಶ ಹಾಸಿಗೆ ಅಂಗಡಿ ತಲುಪುವಷ್ಟರಲ್ಲಿ ಇಬ್ಬರು ರಹಮತ್ತುಲ್ಲಾನ ಕೈ ಕುಲುಕಿ, ಬಿರಿಯಾನಿ ಯಾವಾಗ ಎಂದು ವಿಚಾರಿಸುತ್ತಿದ್ದರು.

"ಕದಿರೇಶಣ್ಣ," ರಹಮತ್ತುಲ್ಲಾ ಅವರ ಕೈ ಬಿಡಿಸಿಕೊಂಡು ಬಂದ, "ಮಗನ್ನ ಜೈಲಿಂದ ತಪ್ಸಿ ಅಂದ್ರೆ, ನೀವು ಮದುವೆ ಮಾಡ್ಸೋಕೆ ಹೊರಟ್ರಾ?"

ಒಳಗೆ ಹತ್ತಿಯ ರಾಶಿಯ ಪಕ್ಕದಲ್ಲಿ ಅರ್ಬಾಜ್ ಕುಳಿತಿದ್ದ. ಕದಿರೇಶ ಎಷ್ಟು ಗದರಿದರೂ, ಎಷ್ಟು ಗೋಗರೆದರೂ ಅವನು ಬಾಯಿ ಬಿಡಲಿಲ್ಲ. ಕದಿರೇಶ ಎದ್ದು ಹೊರಟಾಗ ಮಾತ್ರ ಮೆಲ್ಲಗೆ, "ನಿಮ್ಮನೇಲಿ ಅಜ್ಜಿ ಬಿ.ಪಿ. ಮಾತ್ರೆ ತಗೊಂಡ್ರಾ ಅಣ್ಣ?" ಎಂದು ಕೇಳಿದ.

ಕೆರೆ ಏರಿಯ ಮೇಲೆ ಸುಳಿವು ಹುಡುಕಲು ಹೋದ ಕದಿರೇಶನಿಗೆ ಸಿಕ್ಕಿದ್ದು ಎಮ್ಮೆ ಸಗಣಿ. ಅದರ ಮೇಲೆ ಜಾರಿ ಕೆಸರಿಗೆ ಬಿದ್ದ. ಕಪ್ಪು ಕನ್ನಡಕ ಕೆರೆ ಪಾಲಾಯಿತು. ಅದೇ ಅವತಾರದಲ್ಲಿ ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರು ಮಲಗಿದ್ದರು. ಅವರ ಹೆಂಡತಿ ಭಾರತಮ್ಮ ಅವನ ಕಾಲಿಗೆ ನೀರು ಕೊಟ್ಟು, ದೇವರ ಮನೆಯ ಮುಂದೆ ಕೂರಿಸಿದರು. ದೇವರು ಕಾಣದಷ್ಟು ಹೂವು. ಅಂಗಳದಲ್ಲಿ ನೋಡಿದರೆ ಒಂದು ತುಳಸಿಯೂ ಇಲ್ಲ, ಬರೀ ಸಿಮೆಂಟು.

"ಇಷ್ಟು ಹೂವು ಎಲ್ಲಿಂದ ತರ್ತೀರ ಅಮ್ಮ?"

"ಅವ್ರೇ ವಾಕಿಂಗಿಂದ ಬರ್ತಾ ತರ್ತಾರಪ್ಪ. ಕಾಸು ಕೊಟ್ಟು ತಂದ ಹೂವು ಈ ಮನೆ ದೇವ್ರಿಗೆ ಆಗಿಬರಲ್ವಂತೆ."

ದೇವರ ನೆತ್ತಿಯ ಮೇಲೆ ಕೇಸರಿ ಬಣ್ಣದ ಮುದ್ದೆ ದಾಸವಾಳ ಕೂತಿತ್ತು. ವೆಂಕಟರತ್ನಮ್ಮ ದೇವರಾಯಸಮುದ್ರದ ತವರಿನಿಂದ ಕಡ್ಡಿ ತಂದು ನೆಟ್ಟದ್ದು ಅದು. ಆ ಬಣ್ಣದ ಗಿಡ ಬೀದಿಗೆಲ್ಲ ಇರುವುದು ಒಂದೇ, ಕದಿರೇಶನ ಮನೆ ಕಾಂಪೌಂಡಿನೊಳಗೆ. ಹೊರಗೆ ತಂತಿಯ ಮೇಲೆ ಮೇಷ್ಟ್ರ ಕಂದು ಉಣ್ಣೆ ಟೋಪಿ ಒಣಗುತ್ತಿತ್ತು. ತೊಳೆದರೂ ರಕ್ತದ ಕಲೆ ಪೂರ್ತಿ ಹೋಗಿರಲಿಲ್ಲ.

ಜೀವಮಾನದಲ್ಲಿ ಮೊದಲ ಸಲ ಕದಿರೇಶ ನಿಜವಾಗಿಯೂ ಏನನ್ನೋ ಪತ್ತೆ ಮಾಡಿದ್ದ. ಕಲ್ಲು ಬಿದ್ದದ್ದು ಕೆರೆ ಏರಿಯ ಮೇಲಲ್ಲ, ಅವನದೇ ಮನೆಯಂಗಳದಲ್ಲಿ. ಒಂದೇ ಉಸಿರಿಗೆ ಮನೆಗೆ ಓಡಿದ. ತಾಯಿ ತಾರಸಿಯ ಮೇಲೆ ಸಂಡಿಗೆ ಕಾಯುತ್ತಿದ್ದರು.

"ಅಮ್ಮಾ, ಬೆಳಿಗ್ಗೆ ನಮ್ಮ ಕಾಂಪೌಂಡಿಗೆ ಯಾರಾದ್ರೂ ಬಂದಿದ್ರಾ?"

"ಮನುಷ್ಯರು ಯಾರೂ ಬರ್ಲಿಲ್ಲ. ಒಂದು ಗಡವ ಕೋತಿ ಬಂದಿತ್ತು. ದಾಸವಾಳದ ಗಿಡಕ್ಕೇ ಕೈ ಹಾಕಿತ್ತು. ಕಂದು ತಲೆ, ಇಷ್ಟು ದಪ್ಪ. ಅರ್ಬಾಜ್ ಮಾಡ್ಕೊಟ್ಟಿದ್ನಲ್ಲ ರಬ್ಬರ್ ಕವಣೆ, ಅದ್ರಲ್ಲಿ ಒಂದು ಬಿಟ್ಟೆ ನೋಡು." ಪೊರೆ ಬಂದ ಕಣ್ಣು ಕಿರಿದು ಮಾಡಿ ವೆಂಕಟರತ್ನಮ್ಮ ನಕ್ಕರು. "ಅಯ್ಯೋ ಭಾರತೀ ಅಂದಂಗೆ ಕೂಗ್ತು ಕಣೋ. ಈಗಿನ ಕೋತಿಗಳು ಏನೇನು ಕಲ್ತಿದಾವೋ. ಅರ್ಬಾಜ್ ಹಾಲು ತಂದಿದ್ದ, ಓಡಿಹೋಗಿ ನೋಡ್ಕೊಂಡು ಬಂದ. ಕೋತೀನೇ ಅಜ್ಜಿ, ಹೋಯ್ತು ಅಂದ."

ಕದಿರೇಶ ಸಂಡಿಗೆಯ ಮೇಲೆಯೇ ಕುಳಿತುಬಿಟ್ಟ. ಆ ಹೊತ್ತಿನಲ್ಲಿ ಗರುಡ ಪತ್ತೇದಾರಿ ಸಂಸ್ಥೆ ಅದೇ ಮನೆಯೊಳಗೆ ಗೊರಕೆ ಹೊಡೆಯುತ್ತಿತ್ತು.

ಮತ್ತೆ ಹಾಸಿಗೆ ಅಂಗಡಿಗೆ ಹೋದ. "ಯಾಕೋ ಹೇಳ್ಲಿಲ್ಲ?"

"ಹೆಂಗಣ್ಣ ಹೇಳ್ಲಿ?" ಅರ್ಬಾಜ್ ಹತ್ತಿ ಬಿಡಿಸುತ್ತಾ ಹೇಳಿದ. "ಇರುವೆ ತುಳಿದ್ರೆ ಅವತ್ತೆಲ್ಲ ಅನ್ನ ಮುಟ್ಟಲ್ಲ ಅವ್ರು. ಮನುಷ್ಯನ ರಕ್ತ ಸುರಿಸಿದೀನಿ ಅಂತ ಗೊತ್ತಾದ್ರೆ ಉಳೀತಾರಾ? ಈ ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ಅಜ್ಜಿ ಸಿಗಲ್ಲ."

ಕದಿರೇಶನ ಕಣ್ಣು ತುಂಬಿ ಬಂತು. ಹೆತ್ತ ಮಗ ತಾನು, ತಾಯಿಯ ಮಾತ್ರೆಯ ಹೆಸರೂ ತನಗೆ ಗೊತ್ತಿಲ್ಲ ಎಂದು ನಾಚಿಕೆಯಾಯಿತು. ಹುಡುಗನ ತಲೆ ಸವರಿ ಸೀದಾ ಮೇಷ್ಟ್ರ ಮನೆಗೆ ನಡೆದ.

ದಾಸವಾಳದ ಮಾತು, ತಾಯಿಯ ಕವಣೆಯ ಮಾತು ಎತ್ತಿದ್ದೇ ತಡ, ಚನ್ನರಾಯಪ್ಪನವರು ಬಾಗಿಲು ಮುಂದಕ್ಕೆ ಹಾಕಿದರು. "ಮೆಲ್ಲಗೆ ಮಾತಾಡೋ. ಕಂಪ್ಲೇಂಟ್ ಕೊಡಲ್ಲ ಬಿಡು. ತಿರುಗಿ ನೋಡಿದ್ರೆ ಆ ಹುಡುಗ ನಿಂತಿದ್ದ, ಅವನೇ ಹೊಡೆದ ಅಂತಾನೇ ನಾನೂ ತಿಳ್ಕೊಂಡಿದ್ದೆ. ಆದ್ರೆ ಬೀದಿಗೆಲ್ಲ ಹೇಳ್ಕೊಂಡಿದೀನಲ್ಲಪ್ಪ. ಅವನಲ್ದಿದ್ರೆ ಇನ್ಯಾರು ಅಂತ ಕೇಳ್ತಾರೆ. ನಿಮ್ಮಮ್ಮನ ಹೆಸರು ಹೇಳ್ಲಾ?"

"ಬೇಡಿ. ನನ್ನ ಹೆಸರು ಹೇಳಿ," ಎಂದ ಕದಿರೇಶ. "ಕೆರೆ ಏರಿ ಮೇಲೆ ಕವಣೇಲಿ ಕೋತಿಗೆ ಹೊಡೆಯೋಕೆ ಹೋಗಿ ನಿಮಗೆ ಬಿತ್ತು ಅಂತ."

ಮೇಷ್ಟ್ರು ಬೇಡ ಅನ್ನುತ್ತಾರೇನೋ ಎಂದು ಒಂದು ಕ್ಷಣ ಕಾದ. ಅವರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ಸಂಜೆ ಬೀದಿಯೆಲ್ಲ ಸೇರಿತ್ತು. ಸುದ್ದಿ ಕೇಳಿ ಫರೀದಾ ಮಗನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಕದಿರೇಶನ ಕಡೆ ತಿರುಗಿ, "ನೀವೇ ಹೊಡೆದು, ನಮ್ ಹತ್ರಾನೇ ಕೇಸು ತಗೊಂಡ್ರಾ?" ಎಂದಳು. ನರಸಾಪುರದ ಕೆಲಸ ಉಳಿಯಿತು, ಪತ್ತೇದಾರನ ಮಾನ ಉಳಿಯಲಿಲ್ಲ.

ಅಷ್ಟರಲ್ಲಿ ವೆಂಕಟರತ್ನಮ್ಮ ಗುಂಪು ಸರಿಸಿಕೊಂಡು ಬಂದು ಮಗನ ಕಿವಿ ಹಿಡಿದರು.

"ದೊಡ್ಡೋರ ತಲೆ ಒಡೆದು, ಆ ಮಗೂನ ದಿನವೆಲ್ಲ ಅಳಿಸಿದ್ಯಲ್ಲೋ ಪಾಪಿ. ಮನುಷ್ಯ ಯಾರು, ಕೋತಿ ಯಾವ್ದು ಅಂತ ಕಾಣದಷ್ಟು ಕಣ್ಣು ಹೋಗಿದೆಯಾ ನಿಂಗೆ? ಕವಣೆ ಹಿಡಿಯೋಕೆ ಬರ್ದೋರು ಯಾಕೋ ಹಿಡೀಬೇಕು?"

ಅರ್ಬಾಜ್ ಏನೋ ಹೇಳಲು ಬಾಯಿ ತೆರೆದ. ಕದಿರೇಶ ಹಿಂಡಿಸಿಕೊಳ್ಳುತ್ತಿದ್ದ ಕಿವಿಯ ಸಮೇತ ಬೇಡವೆಂದು ತಲೆಯಾಡಿಸಿದ. "ತಪ್ಪಾಯ್ತಮ್ಮ" ಎಂದ.

"ನನಗಲ್ಲ, ಮೇಷ್ಟ್ರಿಗೆ ಹೇಳು. ಕಾಲಿಗೆ ಬೀಳು." ಅವನು ಬಿದ್ದ. ವೆಂಕಟರತ್ನಮ್ಮ ಕೈ ಮುಗಿದರು. "ಮೇಷ್ಟ್ರೇ, ಈ ಪಾಪ ಕಳೀಬೇಕು. ನಾಳೆಯಿಂದ ನಿಮ್ಮ ಪೂಜೆಗೆ ನಮ್ಮ ಗಿಡದ ಹೂವು. ದಿನಾ ಬೆಳಗಿನ ಜಾವ ಎದ್ದು, ಇವನೇ ಕಿತ್ಕೊಂಡು ನಿಮ್ಮ ಬಾಗಿಲಿಗೆ ತಂದುಕೊಡ್ತಾನೆ."

ಚನ್ನರಾಯಪ್ಪನವರು ದೊಡ್ಡ ಮನಸ್ಸು ಮಾಡಿ ಕದಿರೇಶನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು.

"ಆಗ್ಲಿ ತಾಯಿ. ಸ್ವಲ್ಪ ಬೇಗ ಬರೋಕೆ ಹೇಳಿ. ಬಿಸಿಲು ಬಿದ್ದ ಮೇಲೆ ದಾಸವಾಳ ಬಾಡಿಬಿಡುತ್ತೆ."