ಮುಳ್ಳುಪೊದೆಯೊಳಗಿನ ಚಾಂಪಿಯನ್

ನಮ್ಮ ಮಾಮನ ತಲೆ ನೆಟ್ಟಗಿದೆ ಎಂದು ಆಣೆ ಮಾಡಿ ಹೇಳುವವರು ನಮ್ಮ ಹಟ್ಟಿಯಲ್ಲಿ ಒಬ್ಬರೂ ಸಿಗಲಾರರು. ಮಾಮಿಯನ್ನು ಕೇಳಿದರೆ, ಆ ವಿಷಯ ಒಂದು ಬಿಟ್ಟು ಬೇರೆ ಏನು ಬೇಕಾದರೂ ಕೇಳು ಅನ್ನುತ್ತಾಳೆ. ಆದರೆ ಇದೇ ಮನುಷ್ಯ ನಮ್ಮ ನೀಲಗಿರಿಗೆ ಗಾಲ್ಫ್ ಕಪ್ ತಂದ ಚಾಂಪಿಯನ್! ಬೆಟ್ಟ ಇಳಿದು ಹೋಗಿ, ಬಯಲುನಾಡಿನ ಶ್ರೀಮಂತರನ್ನು ಅವರದೇ ಮೈದಾನದಲ್ಲಿ ಸೋಲಿಸಿ, ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡು ಬಂದವನು. ಫೋಟೋ ಬಂದ ಮೇಲೆ ತಲೆ ಕೆಟ್ಟಿತೋ, ತಲೆ ಕೆಟ್ಟಿದ್ದರಿಂದಲೇ ಫೋಟೋ ಬಂತೋ ಎಂಬುದನ್ನು ಹಟ್ಟಿಯ ಹಿರಿಯರು ಇನ್ನೂ ತೀರ್ಮಾನಿಸಿಲ್ಲ.

ಮಾಮ ನನ್ನ ಅವ್ವನ ತಮ್ಮ. ಕಟ್ಟಬೆಟ್ಟಿನ ಪಕ್ಕದ ಹಟ್ಟಿ ನಮ್ಮದು. ಎಲ್ಲರದೂ ಸಣ್ಣಪುಟ್ಟ ಟೀ ತೋಟ, ಬೆಳಗ್ಗೆ ಎದ್ದರೆ ಸೊಪ್ಪು ಕೀಳುವುದು, ಮಧ್ಯಾಹ್ನ ಫ್ಯಾಕ್ಟರಿಯ ಲಾರಿಗೆ ಕಾಯುವುದು. ಮಾಮ ಮಾತ್ರ ಚಿಕ್ಕಂದಿನಲ್ಲೇ ಊಟಿಗೆ ಹೋಗಿ ಗಾಲ್ಫ್ ಆಡುವ ದೊಡ್ಡವರ ಚೀಲ ಹೊರುವ ಕೆಲಸಕ್ಕೆ ಸೇರಿಕೊಂಡ. ಚೀಲ ಹೊರುತ್ತಾ ಹೊರುತ್ತಾ ಅದರೊಳಗಿನ ಕೋಲುಗಳ ಹುಚ್ಚು ಹತ್ತಿತು. ಆ ಹುಚ್ಚು ಇವತ್ತಿನವರೆಗೂ ಇಳಿದಿಲ್ಲ.

ಅವನಿಗೆ ಮೈಲಿ, ಫರ್ಲಾಂಗು, ಕಿಲೋಮೀಟರು ಯಾವುದೂ ಗೊತ್ತಿಲ್ಲ. ಒಮ್ಮೆ ಆರೋಗ್ಯ ಇಲಾಖೆಯವರು ಬಂದು, ಹಟ್ಟಿಯಿಂದ ಬಸ್ ಸ್ಟಾಪಿಗೆ ಎಷ್ಟು ದೂರ ಎಂದು ಕೇಳಿದರು. ಮಾಮ ಕಣ್ಣು ಕಿರಿದು ಮಾಡಿ ಕಣಿವೆಯನ್ನು ನೋಡಿ, ಒಂದು ದೊಡ್ಡ ಹೊಡೆತ, ಆಮೇಲೆ ಒಂದು ಸಣ್ಣದು, ಗಾಳಿ ಎದುರಾದರೆ ಎರಡು ಸಣ್ಣದು ಎಂದ. ಬಂದವರು ಇನ್ನೇನು ಕೇಳುತ್ತಾರೆ? ಟೀ ಕುಡಿದು ಎದ್ದು ಹೋದರು.

ಇದಾದರೂ ಪರವಾಗಿಲ್ಲ. ನಮ್ಮ ಹಟ್ಟಿಯ ಹಿರಿಯರೊಬ್ಬರು ತೀರಿಹೋದಾಗ ನಡೆದದ್ದು ಕೇಳಿ. ಹೆಣವನ್ನು ಹೊರಗಿಟ್ಟು ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾರೆ. ಮಾಮ ಬಗ್ಗಿ ಒಂದು ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ಬಿಟ್ಟ. ಗಾಳಿ ಯಾವ ಕಡೆಗಿದೆ ಎಂದು ನೋಡುವುದು ಗಾಲ್ಫ್ ಆಡುವವರ ಚಾಳಿ. ಚಾಳಿಗೆ ಮದುವೆಮನೆ ಸಾವಿನಮನೆ ಗೊತ್ತಾಗುತ್ತದೆಯೆ? ಪಕ್ಕದಲ್ಲಿದ್ದ, ತೀರಿಹೋದವರ ತಮ್ಮನಿಗೆ ಇದು ತಾನು ಮರೆತ ಯಾವುದೋ ಶಾಸ್ತ್ರ ಅನ್ನಿಸಿರಬೇಕು, ಅವನೂ ಹುಲ್ಲು ಕಿತ್ತು ಬಿಟ್ಟ. ಅವನನ್ನು ನೋಡಿ ಅವನ ಮಕ್ಕಳು, ಮಕ್ಕಳನ್ನು ನೋಡಿ ನೆಂಟರು. ಕೊನೆಗೆ ಸಾಲಿನಲ್ಲಿದ್ದವರೆಲ್ಲ ಹುಲ್ಲು ತೂರಿದರು! ಆ ಮನೆತನದವರು ಈಗಲೂ ಸಾವಿಗೆ ಹೋದಾಗ ಹುಲ್ಲು ತೂರುತ್ತಾರೆ ಎಂದು ಕೇಳಿದ್ದೇನೆ.

ಕಪ್ ಬಂದ ಮೇಲೆ ಮಾಮ ಮನೆಯ ಹಿಂದಿನ ತೋಟದಲ್ಲಿ, ಸೊಪ್ಪು ಚೆನ್ನಾಗಿ ಬರುತ್ತಿದ್ದ ಭಾಗವನ್ನೇ ನೋಡಿ, ಟೀ ಗಿಡಗಳನ್ನು ಬೇರುಸಹಿತ ಕಿತ್ತು ಹುಲ್ಲು ಬೆಳೆಸಿದ. ನಡುವೆ ಒಂದು ಕುಳಿ, ಕುಳಿಯಲ್ಲಿ ಒಂದು ಬಾವುಟ. ಮಾಮಿ ಅಂದೇ ತವರಿಗೆ ಹೋದಳು. ಸೊಪ್ಪು ಬಲಿತು ಹಾಳಾಗುತ್ತಿದೆ ಎಂದು ಸುದ್ದಿ ಹೋದ ಮೇಲೆ ಬಂದಳು, ಗಂಡನಿಗಾಗಿ ಅಲ್ಲ ಎಂದು ಬಾಗಿಲಲ್ಲೇ ಹೇಳಿ ಒಳಗೆ ಕಾಲಿಟ್ಟಳು. ಒಂದು ಬೆಳಗ್ಗೆ ನೋಡಿದರೆ ಕಾಡೆಮ್ಮೆಗಳು ಬಂದು ಆ ನುಣುಪು ಹುಲ್ಲನ್ನೆಲ್ಲ ತುಳಿದು ಗುಂಡಿ ಮಾಡಿ ಹೋಗಿದ್ದವು. ಹಟ್ಟಿಯವರು ಸಮಾಧಾನ ಹೇಳಲು ಬಂದರೆ ಮಾಮನಿಗೆ ಸಂತೋಷವೋ ಸಂತೋಷ! ಇಂಥ ಗುಂಡಿಯಿಂದ ಚೆಂಡು ಎತ್ತಲು ಕಲಿತವರನ್ನು ಯಾವ ಮೈದಾನವೂ ಹೆದರಿಸಲಾರದು ಎಂದು ಮಗಳನ್ನು ಕರೆದು ಒಂದೊಂದು ಗೊರಸಿನ ಗುರುತಿನಲ್ಲೂ ಚೆಂಡಿಟ್ಟು ಹೊಡೆಸಿದ.

ಮಗಳು ಎಂದೆನಲ್ಲ, ನಗು ಇಲ್ಲಿಗೆ ಸ್ವಲ್ಪ ಸಾಕು.

ಅವಳ ಹೆಸರು ರೇವತಿ. ಆ ಹೆಸರು ಶಾಲೆಯ ಹಾಜರಿಯಲ್ಲಿ ಬಿಟ್ಟರೆ ಎಲ್ಲಿಯೂ ಬಳಕೆಯಲ್ಲಿರಲಿಲ್ಲ. ಬಸ್ಸಿನ ಕಂಡಕ್ಟರ್‌ಗೆ ಅವಳು ಚಾಂಪಿಯನ್ ಮಗಳು, ಅಂಗಡಿಯವರಿಗೆ ಚಾಂಪಿಯನ್ ಮಗಳು, ಊಟಿಯ ಮೈದಾನದಲ್ಲಿ ಮೈಕು ಹಿಡಿದವರಿಗೂ ಚಾಂಪಿಯನ್ ಮಗಳೇ. ಚೆಂಡು ಚೆನ್ನಾಗಿ ಹೋದರೆ, ರಕ್ತದಲ್ಲೇ ಬಂದದ್ದು ಅನ್ನುತ್ತಿದ್ದರು. ಕೆಟ್ಟರೆ, ಅಂಥ ಅಪ್ಪನಿಗೆ ಇಂಥ ಮಗಳೇ ಅನ್ನುತ್ತಿದ್ದರು. ಗೆದ್ದರೆ ಅಪ್ಪನದು, ಸೋತರೆ ಅವಳದು! ಇದು ಯಾವ ಊರಿನ ನ್ಯಾಯ? ಮನೆಯ ನಡುಕೋಣೆಯ ಗಾಜಿನ ಬೀರುವಿನಲ್ಲಿ ಮಾಮನ ಕಪ್ಪುಗಳು ಸಾಲಾಗಿ ನಿಂತಿದ್ದವು. ಅದರ ಎದುರಿಗೇ ಕೂತು ಆ ಕೂಸು ದಿನವೂ ಉಣ್ಣಬೇಕಾಗಿತ್ತು.

ಮಾಮ ಅವಳನ್ನು ಹೊಡೆದವನಲ್ಲ, ಬೈದವನೂ ಅಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ನನಗನ್ನಿಸುತ್ತದೆ. ಅವಳು ಕೊಯಮತ್ತೂರಿನಲ್ಲಿ ಸೋತು ಬಂದ ಸಂಜೆ ನಾನು ಮಾಮನ ಮನೆಯಲ್ಲೇ ಇದ್ದೆ. ಬಸ್ಸಿನಲ್ಲಿ ಇಡೀ ದಾರಿ ಅವನು ಬಾಯಿ ಬಿಟ್ಟಿರಲಿಲ್ಲವಂತೆ. ಮನೆಗೆ ಬಂದವನೇ ಹಿತ್ತಿಲಿಗೆ ಹೋಗಿ ಕತ್ತಲಾಗುವವರೆಗೆ ಒಬ್ಬನೇ ಚೆಂಡು ಹೊಡೆದ. ರೇವತಿ ಚೀಲವನ್ನೂ ಇಳಿಸದೆ ಜಗುಲಿಯಲ್ಲಿ ನಿಂತು ಆ ಸದ್ದನ್ನೇ ಕೇಳುತ್ತಿದ್ದಳು. ಅವನ ಮೌನ ಕರಗಲು ವಾರ ಹಿಡಿಯಿತು. ಹೀಗೆ ಒಂದು ಸಲವಲ್ಲ, ಸೋತಾಗಲೆಲ್ಲ. ಗೆದ್ದರೆ ಮಾತ್ರ ತಾನು ಈ ಮನೆಯ ಮಗಳು ಎಂದು ಅವಳು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡುಬಿಟ್ಟಳು.

ನಾನು ಆಗ ಮೈಸೂರಿನಲ್ಲಿ ಓದು ಮುಗಿಸಿ ಬಂದು ಊಟಿಯ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಊಟಿಯಲ್ಲಿ ಹೆಣ್ಣುಮಕ್ಕಳ ಪಂದ್ಯ ನಡೆದು ರೇವತಿ ಫೈನಲ್‌ಗೆ ಬಂದಿದ್ದಳು. ಹಿಂದಿನ ದಿನ ನನ್ನ ಮನೆಯಲ್ಲೇ ಉಳಿದಿದ್ದಳು. ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದಳು, ಬಾಯಿಗೆ ಇಡಲಿಲ್ಲ.

"ಅಕ್ಕ, ಅಪ್ಪ ನೋಡ್ತಾ ನಿಂತರೆ ಎನ್ನ ಕೈ ಎನ್ನ ಮಾತು ಕೇಳೋದಿಲ್ಲೆ," ಎಂದಳು. "ಈ ಸಲ ಸೋತರೆ ಅವ ಮತ್ತೆ ಮಾತಾಡೋದೇ ಇಲ್ಲೆ ಅನ್ನಿಸ್ತದೆ."

ಮಾಮನಿಗೆ ಫೋನು ಮಾಡಿ, ನಾಳೆ ನೀನು ಬರಕೂಡದು ಎಂದು ನಾನೇ ಹೇಳಿದೆ. ಅವನು ಒಂದು ಮಾತೂ ಎದುರಾಡದೆ ಒಪ್ಪಿಕೊಂಡ. ಬರುವುದಿಲ್ಲ ಎಂದು ಮಾಮಿಯ ಮುಂದೆ ದೀಪ ಮುಟ್ಟಿ ಆಣೆಯನ್ನೂ ಹಾಕಿದನಂತೆ. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನಮಗೆ ಅನುಮಾನ ಬರಬೇಕಿತ್ತು.

ಊಟಿಯ ಆ ಮೈದಾನ ನೋಡಿದವರಿಗೆ ಗೊತ್ತು, ಏರಿಳಿತದ ಹಸಿರು ಗುಡ್ಡಗಳು, ಅಂಚಿನಲ್ಲಿ ಹಳದಿ ಹೂವಿನ ಮುಳ್ಳುಪೊದೆಗಳು. ಎದುರಾಳಿ ಕೊಯಮತ್ತೂರಿನ ಹುಡುಗಿ, ಚುರುಕು. ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ರೇವತಿ ಸ್ವಲ್ಪವೇ ಹಿಂದಿದ್ದಳು. ನಾನು ಜನರ ಜೊತೆ ನಡೆಯುತ್ತಾ ಸುಮ್ಮನೆ ಪೊದೆಗಳ ಕಡೆ ನೋಡಿದರೆ, ಒಂದು ಪೊದೆಯೊಳಗೆ ಏನೋ ಬೆಳ್ಳಗೆ ಕೂತಿದೆ! ಮಾಮಿ ಮೈಗೆ ಸುತ್ತಿಕೊಳ್ಳುವ ಬಿಳಿ ಬಟ್ಟೆ ಮುಂಡನ್ನು ತಲೆಯ ಮೇಲಿಂದ ಹೊದ್ದು, ಯಾರಿಗೂ ಕಾಣಬಾರದೆಂದು ಅಡಗಿದ್ದಾನೆ ನಮ್ಮ ಮಾಮ! ಇಡೀ ಬೆಟ್ಟ ಹಸಿರು, ಹೂವು ಹಳದಿ, ಇವನೊಬ್ಬ ಬಿಳಿ. ಇದಕ್ಕಿಂತ ಚೆನ್ನಾಗಿ ಕಾಣಿಸಿಕೊಳ್ಳಬೇಕೆಂದರೆ ತಮಟೆ ಬಾರಿಸಬೇಕಿತ್ತು ಅಷ್ಟೆ. ರೇವತಿ ಮಾತ್ರ ಚೆಂಡಿನ ಮೇಲೆ ಕಣ್ಣು ನೆಟ್ಟಿದ್ದರಿಂದ ನೋಡಿರಲಿಲ್ಲ. ನಾನು ದೇವರನ್ನು ನೆನೆಯುತ್ತಾ ಪೊದೆಗೆ ಅಡ್ಡ ನಿಂತೆ.

ಆ ಮೈದಾನದಲ್ಲಿ ನಮ್ಮ ಬೆಟ್ಟದ ತೋಡ ಜನರ ಎಮ್ಮೆಗಳು ಮೇಯುತ್ತವೆ. ರೇವತಿ ಹೊಡೆದ ಚೆಂಡು ಉರುಳುತ್ತಾ ಹೋಗಿ ಮಲಗಿದ್ದ ಒಂದು ಎಮ್ಮೆಯ ಹೊಟ್ಟೆಗೆ ಒರಗಿ ನಿಂತಿತು. ಎಮ್ಮೆ ತಾನಾಗಿ ಏಳುವವರೆಗೆ ಕಾಯುವುದು ಅಲ್ಲಿಯ ರೂಢಿ. ಎಮ್ಮೆಗೇನು ಫೈನಲ್ಲೇ? ಅದು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ತೀರ್ಪುಗಾರರು, ಮಿಲಿಟರಿಯಿಂದ ನಿವೃತ್ತರಾದ ಹಿರಿಯರು, ಗಡಿಯಾರ ನೋಡಿಕೊಂಡರು. ರೇವತಿ ಕೋಲನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದಳು.

ಆಗ ಪೊದೆಯಿಂದ ಒಂದು ಕೂಗು ಎದ್ದಿತು. ಗಂಟಲಿನ ಆಳದಿಂದ ಬಂದು ಕೊನೆಯಲ್ಲಿ ಮೇಲಕ್ಕೆ ಎಳೆಯುವ ಉದ್ದನೆಯ ಕೂಗು. ನಮ್ಮ ಹಟ್ಟಿಗಳಲ್ಲಿ ಟೀ ಬರುವ ಮುಂಚೆ ಎಮ್ಮೆಯ ಹಿಂಡುಗಳಿದ್ದವು. ವರ್ಷಕ್ಕೊಮ್ಮೆ ಉಪ್ಪಿನ ಹಬ್ಬದಲ್ಲಿ ತೊಟ್ಟಿಯಲ್ಲಿ ಉಪ್ಪುನೀರು ಕಲಸಿ ಹಿಂಡನ್ನು ಹೀಗೆಯೇ ಕರೆಯುತ್ತಿದ್ದರು. ಮಾಮ ಚಿಕ್ಕವನಾಗಿದ್ದಾಗ ಅವನಪ್ಪನಿಂದ ಕಲಿತ ಕೂಗು ಅದು. ಎಮ್ಮೆಯನ್ನು ಸುಮ್ಮನೆ ಎಬ್ಬಿಸುವ ಕೂಗು ಬೇರೆ ಇತ್ತಂತೆ. ಮಗಳ ತಳಮಳ ಕಂಡ ಗಾಬರಿಯಲ್ಲಿ ಬಾಯಿಗೆ ಬಂದದ್ದು ಉಪ್ಪಿನ ಕೂಗು!

ಎಮ್ಮೆ ಎದ್ದಿತು. ಅದೊಂದೇ ಅಲ್ಲ, ಗುಡ್ಡದ ಮೇಲಿದ್ದ ಹಿಂಡು ಪೂರ್ತಿ ಎದ್ದಿತು. ಆಟಗಾರರನ್ನೂ ಬಾವುಟವನ್ನೂ ದಾಟಿ ನೇರವಾಗಿ ಪೊದೆಗೆ ಬಂದು ಸುತ್ತ ನಿಂತು, ಉಪ್ಪೆಲ್ಲಿ ಎಂಬಂತೆ ಮೂತಿ ಚಾಚಿದವು. ಒಂದು ಎಮ್ಮೆ ಮಾಮಿಯ ಮುಂಡನ್ನೇ ಕಚ್ಚಿ ಎಳೆಯಿತು. ಮುಂಡು ಜಾರಿತು, ಚಾಂಪಿಯನ್ ಹೊರಬಿದ್ದ.

ಜನ ನಗುತ್ತಿದ್ದರು. ತೀರ್ಪುಗಾರರು ನಗಲಿಲ್ಲ. ಹೊರಗಿನವರ ಸಹಾಯ ಪಡೆದ ಹಾಗಾಯಿತೇ ಎಂದು ಯೋಚಿಸುತ್ತಾ, ಇವರು ಯಾರು ಎಂದು ರೇವತಿಯನ್ನು ತಮಿಳಿನಲ್ಲಿ ಕೇಳಿದರು. ಯಾರೋ ಗೊತ್ತಿಲ್ಲ ಎಂದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ರೇವತಿ ಅಪ್ಪನನ್ನೇ ನೋಡುತ್ತಿದ್ದಳು. ಅವನ ಮುಖ, ಕೈ ಎಲ್ಲ ಮುಳ್ಳು ಗೀರಿ ರಕ್ತ ಒಸರುತ್ತಿತ್ತು. ಬೆಳಗಿನಿಂದ ಅವನು ಒಂದು ಪೊದೆಯಿಂದ ಇನ್ನೊಂದಕ್ಕೆ ತೆವಳುತ್ತಾ ಅವಳ ಹಿಂದೆಯೇ ಬಂದಿದ್ದ.

"ಎನ್ನ ಅಪ್ಪ," ಎಂದಳು.

ರೇವತಿ ಕೇಳಿ ಪಡೆದ ಸಹಾಯವಲ್ಲವಾದ್ದರಿಂದ ತಪ್ಪಿಲ್ಲ, ಚೆಂಡನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಆಡಲಿ ಎಂದು ತೀರ್ಪಾಯಿತು. ಮಾಮ ಅಲ್ಲಿಂದ ಹೊರಟುಹೋಗಲು ನೋಡಿದ, ಎಮ್ಮೆಗಳು ಬಿಡಬೇಕಲ್ಲ! ಅವನು ಎತ್ತ ನಡೆದರೆ ಅತ್ತ ಹಿಂಡು. ಹಾಗಾಗಿ ಅವನು ಅಲ್ಲೇ ಎಮ್ಮೆಗಳ ನಡುವೆ ನಿಂತ, ಆಟ ಮುಂದೆ ಹೋಯಿತು. ರೇವತಿ ಮುಂದಿನದನ್ನೆಲ್ಲ ಚೆನ್ನಾಗಿಯೇ ಆಡಿದಳು. ಆದರೂ ಕಟ್ಟಕಡೆಯ ಚೆಂಡು ಕುಳಿಯ ಅಂಚನ್ನು ಸವರಿ ಹೊರಗೆ ನಿಂತಿತು. ಕೊಯಮತ್ತೂರಿನ ಹುಡುಗಿ ಗೆದ್ದಳು. ರೇವತಿ ಅವಳ ಕೈ ಕುಲುಕಿ, ನನ್ನ ಹತ್ತಿರ ಬಂದು, ಅಪ್ಪನಿಗೆ ನೀನೇ ಹೇಳು ಅಕ್ಕ ಎಂದಳು. ನಾನು ಹೋಗುವ ಮೊದಲೇ ಯಾರೋ ಹೇಳಿದ್ದರು.

ನಮ್ಮ ಕಟ್ಟಬೆಟ್ಟು ದಾಟಿ ಮುಂದೆ ಹೋಗುವ ಸಂಜೆಯ ಕೋತಗಿರಿ ಬಸ್ಸನ್ನು ನಾವು ಮೂವರೂ ಹತ್ತಿದೆವು. ಮಾಮ ಮುಂದಿನ ಸೀಟಿನಲ್ಲಿ ಒಬ್ಬನೇ ಕೂತು ಕಿಟಕಿಯಾಚೆ ನೋಡತೊಡಗಿದ. ಅದೇ ಮೌನ ಶುರುವಾಯಿತು. ನನ್ನ ಪಕ್ಕದಲ್ಲಿ ರೇವತಿ ಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದಳು. ದೊಡ್ಡಬೆಟ್ಟದ ತಿರುವು ಕಳೆದ ಮೇಲೆ ಇದ್ದಕ್ಕಿದ್ದಂತೆ ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತಳು. ನನಗೆ ಎಲ್ಲವೂ ಕೇಳುತ್ತಿತ್ತು.

"ಅಪ್ಪ, ಎನ್ನ ಮೇಲೆ ಸಿಟ್ಟಾ?"

ಮಾಮ ತಿರುಗಿ ನೋಡಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಏಕ ಸಿಟ್ಟು?"

"ಸೋತು ಬಂದರೆ ನೀ ಎನ್ನ ಕೂಡ ಮಾತೇ ಆಡೋದಿಲ್ಲೆ."

ಮಾಮ ಕೈಯ ಮೇಲಿನ ಮುಳ್ಳಿನ ಗೀರನ್ನು ಬೆರಳಿನಿಂದ ಸವರಿಕೊಂಡ.

"ಸೋತವರಿಗೆ ಏನು ಹೇಳೋದು ಅಂತ ಎನಗೆ ಗೊತ್ತಿಲ್ಲೆ ಕೂಸೆ," ಎಂದ. "ನಾ ಸೋತಾಗ ಎನಗೆ ಯಾರೂ ಏನೂ ಹೇಳಲಿಲ್ಲೆ."

"ನೀ ಸೋತಿದ್ದೆಯಾ?"

ಅವಳ ದನಿಯಲ್ಲಿದ್ದ ಬೆರಗು ಕೇಳಿ ನನ್ನ ಕಣ್ಣು ತುಂಬಿತು. ಹದಿನೇಳು ವರ್ಷ ಅವನ ಮನೆಯಲ್ಲಿ ಬೆಳೆದ ಮಗಳಿಗೆ ಅವಳ ಅಪ್ಪ ಸೋತಿದ್ದ ಎಂಬುದೇ ಗೊತ್ತಿರಲಿಲ್ಲ! ಗೊತ್ತಾಗುವುದಾದರೂ ಹೇಗೆ, ಬೀರುವಿನಲ್ಲಿ ಸೋಲನ್ನು ಯಾರು ಇಡುತ್ತಾರೆ? ಮಾಮ ಹೇಳತೊಡಗಿದ. ಮೊದಲ ಪಂದ್ಯದಲ್ಲೇ ಸೋತು, ಚೀಲಗಳನ್ನು ಇಡುವ ಶೆಡ್ಡಿನ ಹಿಂದೆ ನಿಂತು ಅತ್ತದ್ದನ್ನು ಹೇಳಿದ. ಮದರಾಸಿನಲ್ಲಿ ಸೋತದ್ದು, ಬೆಂಗಳೂರಿನಲ್ಲಿ ಸೋತದ್ದು, ಸೋತು ಬಂದ ಮೇಲೆ ನಾಚಿಕೆಯಿಂದ ಹಟ್ಟಿಗೆ ಹಿಂಬದಿಯ ದಾರಿಯಲ್ಲಿ ಬಂದದ್ದು. ಒಂದು ಕಡೆ ಚೆಂಡು ಕೆರೆಗೆ ಬಿತ್ತಂತೆ, ಅದನ್ನು ನೋಡಲು ಬಗ್ಗಿದಾಗ ಟೋಪಿಯೂ ಕೆರೆಗೆ ಬಿತ್ತಂತೆ, ಅಂದು ಬರಿತಲೆಯಲ್ಲೇ ಸೋತನಂತೆ. ರೇವತಿ ನಕ್ಕಳು. ಆಮೇಲೆ ಏನಾಯಿತು, ಆಮೇಲೆ ಎಲ್ಲಿ ಸೋತೆ ಎಂದು ಕೇಳುತ್ತಲೇ ಹೋದಳು. ಗೆದ್ದ ಪಂದ್ಯಗಳ ಸುದ್ದಿ ಇಬ್ಬರೂ ಎತ್ತಲಿಲ್ಲ. ಕೇಳುತ್ತಾ ಕೇಳುತ್ತಾ ನಿದ್ದೆ ಹತ್ತಿ ಅವಳ ತಲೆ ಅವನ ಹೆಗಲಿಗೆ ಬಿತ್ತು.

ಮಾತು ನಿಲ್ಲಿಸಿ ಮಾಮ ಅಲುಗಾಡದೆ ಕೂತ. ಬಸ್ಸು ಕುಲುಕಿದಾಗಲೆಲ್ಲ ಮುಳ್ಳು ಗೀರಿದ ಆ ಕೈಯನ್ನು ಅವಳ ಹಣೆಗೆ ಅಡ್ಡ ಹಿಡಿಯುತ್ತಿದ್ದ.

ಕಟ್ಟಬೆಟ್ಟು ಬಂತು. ಕಂಡಕ್ಟರ್ ಸೀಟಿ ಊದಿದ. ನಾನು ಚೀಲಗಳನ್ನು ಎತ್ತಿಕೊಂಡು ಎದ್ದು ನಿಂತು, "ಮಾಮ, ನಮ್ಮ ಸ್ಟಾಪು," ಎಂದೆ.

"ಮೆಲ್ಲಗೆ," ಎಂದ ಮಾಮ. "ಕೂಸು ಒರಗಿದೆ. ಕೋತಗಿರಿವರೆಗೆ ಟಿಕೆಟ್ ತೆಗೆ."