ಮಾವನ ಸಕ್ಕರೆ ಪರೀಕ್ಷೆ

ನಮ್ಮ ಮಾವ ಸಕ್ಕರೆ ಕಾಯಿಲೆಯನ್ನು ಕೃಷಿ ಮಾಡಿ ಬೆಳೆಸಿದವರು ಎಂದರೆ ನಂಬುತ್ತೀರಾ? ನಂಬಲೇಬೇಕು, ಫಸಲನ್ನು ನಾನೇ ಕಣ್ಣಾರೆ ನೋಡಿದ್ದೇನೆ!

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಾವನ ಪಾದ ಊದಿಕೊಂಡಿತು. ಗೇಟಿನಿಂದ ಜಗಲಿಗೆ ಬರುವಷ್ಟರಲ್ಲಿ ಏದುಸಿರು. ವಿರಾಜಪೇಟೆಯ ಡಾಕ್ಟರು, ಹೃದಯ ಸೋತಿದೆ, ಜೊತೆಗೆ ಸಕ್ಕರೆಯೂ ಇದೆ ಎಂದರು. ಉಪ್ಪು ಬಿಡಿಸಿದರು, ಬೆಲ್ಲದ ಕಾಫಿ ಬಿಡಿಸಿದರು. ಗಾಜಿನ ಕೊಳವೆ, ಸ್ಪಿರಿಟ್ ದೀಪ, ಒಂದು ಸೀಸೆ ನೀಲಿ ದ್ರಾವಣ ಕೊಟ್ಟು, ಅದಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಿ ದಿನಾ ಬಣ್ಣ ನೋಡಿ ಎಂದರು. ಯಾವ ಬಣ್ಣಕ್ಕೆ ಏನರ್ಥ ಎಂದು ಅವರು ವಿವರಿಸುವಾಗ ಮಾವ ಕಿಟಕಿಯಾಚೆ ನೋಡುತ್ತಾ, ಯಾರದೋ ಕಾಫಿ ಗಿಡಕ್ಕೆ ಸರಿಯಾಗಿ ಕೊಂಬೆ ಸವರಿ ಕಪಾತು ಮಾಡಿಲ್ಲವೆಂದು ಸಿಟ್ಟಾಗಿದ್ದರು.

ಮೊದಲ ದಿನ ಕೊಳವೆ ಹಸಿರಾಯಿತು. "ಥೂ, ಇನ್ನೂ ಕಾಯಿ!" ಎಂದರು ಮಾವ. ಕಾಫಿ ಬೆಳೆಗಾರನಿಗೆ ಹಣ್ಣು ಕೆಂಪಾದರೆ ತಾನೇ ಪಿಕ್ಕಿಂಗ್, ಕೊಯ್ಲು? ಪಥ್ಯದಿಂದಲೇ ಹಣ್ಣಾಗುತ್ತಿಲ್ಲವೆಂದು ತೀರ್ಮಾನಿಸಿ ಬೆಲ್ಲದ ಕಾಫಿ ಮತ್ತೆ ಶುರು ಮಾಡಿದರು. ವಾರದಲ್ಲಿ ಕೊಳವೆ ಇಟ್ಟಿಗೆಗೆಂಪು! "ಬಾ ಇಲ್ಲಿ, ನೋಡ್! ಹಣ್ಣಾಗುಟ್ಟು!" ಎಂದು ಅತ್ತೆಯನ್ನೂ ತೋಟದ ಲೆಕ್ಕ ಬರೆಯುವ ರೈಟರನ್ನೂ ಕರೆದು ತೋರಿಸಿದರು. ರೈಟರು "ಫಸ್ಟ್ ಕ್ಲಾಸ್" ಎಂದು ತಲೆಯಾಡಿಸಿದರು. ಪಾಪ, ಅವರಾದರೂ ಇನ್ನೇನು ಹೇಳಿಯಾರು?

ಈ ಸಾಧನೆ ವರದಿ ಮಾಡಲು ಮಾವ ನನ್ನನ್ನೂ ಕರೆದುಕೊಂಡು ಹೋದರು. ಡಾಕ್ಟರು ಕನ್ನಡಕ ತೆಗೆದರು.

"ಕೆಂಪಂದ್ರೆ ಸಕ್ಕರೆ ತುಂಬಿದೆ ಅಂತ, ಮಾರಾಯ್ರೇ! ಸೋತ ಹೃದಯ ಒಂದೇ ಆದ್ರೆ ಹೇಗೋ ತಳ್ಳಬಹುದು. ಜೊತೆಗೆ ಸಕ್ಕರೆ ಹೀಗೆ ಏರಿದ್ರೆ ಇರುವ ವರ್ಷಗಳೂ ಕಮ್ಮಿ ಆಗ್ತವೆ."

ವಾಪಸು ಬಸ್ಸಿನಲ್ಲಿ ಮಾವ ಆಡಿದ್ದು ಒಂದೇ ಮಾತು: "ನಿನ್ನತ್ತೆಗೆ ಒಬ್ಳೇ ಬಸ್ ಹತ್ತಿ ಗೊತ್ತಿಲ್ಲೆ."

ಅಂದಿನಿಂದ ಬೆಲ್ಲ ಮುಟ್ಟಲಿಲ್ಲ. ಅತ್ತೆಗೆ ತೋಟದ ಕೆಲಸ ಕಲಿಸತೊಡಗಿದರು, ಜಗಳವಾಡಿಕೊಂಡೇ.

"ನೀವು ಇದ್ದೀರಲ್ಲಾ, ನಂಗೆಂತಕೆ?"

"ಇರುವಾಗಲೇ ಕಲಿ!"

ಕೊನೆಗೊಂದು ದಿನ ಮಾತ್ರೆ ತರಲು ಅತ್ತೆಯೊಬ್ಬರನ್ನೇ ವಿರಾಜಪೇಟೆಗೆ ಕಳಿಸಿದರು. ಬಸ್ಸು ಹೋದ ಮೇಲೂ ಮಾವ ಅಲ್ಲೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ. ಸಂಜೆಯ ಬಸ್ಸಿನಿಂದ ಅತ್ತೆ ನಗುತ್ತಾ ಇಳಿದು, "ಇಷ್ಟೇಯಾ? ಇದಕ್ಕೆ ಇಷ್ಟು ಹೆದ್ರಿಸಿದ್ದಾ?" ಎಂದರು.

ಮಾವ ಮಾತ್ರೆಯ ಪೊಟ್ಟಣ ತೆಗೆದುಕೊಳ್ಳಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು ಎಲ್ಲರೆದುರೇ ಅತ್ತುಬಿಟ್ಟರು. "ಇನ್ನು ನಂಗೆ ಹೆದ್ರಿಕೆ ಇಲ್ಲೆ," ಎಂದರು.